ಆ ವಾಲ್ವ್ ಎಲ್ಲಿದೆ ಅಂತ ಯಾರಿಗೆ ಗೊತ್ತು?

ನಾನು ಕೆಲಸ ಮಾಡುವ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹೆಂಗಸರ ವಾರ್ಡಿನ ಹೊರಗೆ, ಫಾಲ್ಸ್ ಸೀಲಿಂಗ್ ಮೇಲೆ ಒಂದು ವಾಲ್ವ್ ಇದೆ. ಅದನ್ನು ಮುಚ್ಚಿದರೆ ಆ ಕಡೆಯ ಬಾತ್‌ರೂಮುಗಳಿಗೆ ಮಾತ್ರ ನೀರು ನಿಲ್ಲುತ್ತದೆ. ಇದು ಗೊತ್ತಿಲ್ಲದವರು ಸೀದಾ ತಾರಸಿಗೆ ಹೋಗಿ ಮೇನ್ ವಾಲ್ವ್ ತಿರುಗಿಸುತ್ತಾರೆ. ಆಗ ಕೆಳಗಿನ ಹೆರಿಗೆ ವಾರ್ಡಿಗೂ ನೀರಿಲ್ಲ. ಲೇಬರ್ ರೂಮಿನಲ್ಲಿ ಡಾಕ್ಟರ್ ಕೈ ತೊಳೆಯೋಕೂ ನೀರಿಲ್ಲ. ಈ ವಾಲ್ವ್ ಕಟ್ಟಡದ ಯಾವ ಡ್ರಾಯಿಂಗಿನಲ್ಲೂ ಕಾಣುವುದಿಲ್ಲ. ಯಾವಾಗಲೋ ರಿಪೇರಿ ನಡೆದಾಗ ಮುಂದಾಲೋಚನೆ ಇದ್ದ ಯಾರೋ ಪುಣ್ಯಾತ್ಮ ಹಾಕಿಟ್ಟಿದ್ದು. ನನಗೆ ಅದನ್ನು ತೋರಿಸಿದವರು ಆಗಿದ್ದ ಹಿರಿಯ ಪ್ಲಂಬರ್. ಅವರಿಗೆ ತೋರಿಸಿದವರು ಅವರಿಗಿಂತ ಹಳಬರು.

ಆ ಪ್ಲಂಬರ್ ಕೆಲಸ ಹೋಗಿ ಬಹಳ ದಿನವಾಯ್ತು. ಕಟ್ಟಡ ನೋಡಿಕೊಳ್ಳುವ ಗುತ್ತಿಗೆಯ ಟೆಂಡರ್ ಮುಗಿಯಿತು, ಹೊಸ ಏಜೆನ್ಸಿ ಬಂತು, ಅದು ತನ್ನ ಹುಡುಗರನ್ನು ಕರೆತಂದಿತು. ಹುಡುಗರು ಒಳ್ಳೆಯವರೇ, ಕೆಲಸವೂ ಬರುತ್ತದೆ. ಆದರೆ ಈ ಕಟ್ಟಡ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಗೇಟ್ ಪಾಸ್ ವಾಪಸ್ ಕೊಟ್ಟು ಹೋಗುವಾಗ ಯಾರೂ ಅವರನ್ನು ಕೂರಿಸಿಕೊಂಡು ‘ನಿಮಗೆ ಏನೇನು ಗೊತ್ತು, ಹೇಳಿ’ ಅಂತ ಕೇಳಲಿಲ್ಲ.

ಇದನ್ನು ಹೇಳಬೇಕು ಅಂತಲೇ ಬರೆಯೋಕೆ ಕೂತಿದ್ದೇನೆ. ಆಸ್ಪತ್ರೆಯ ಕಟ್ಟಡದ ಬಗ್ಗೆ ಒಬ್ಬರಿಂದ ಒಬ್ಬರಿಗೆ ಬಾಯಿಮಾತಲ್ಲಿ ಬಂದ ತಿಳಿವಳಿಕೆ ರೋಗಿಯ ಜೀವಕ್ಕೆ ಸಂಬಂಧಪಟ್ಟದ್ದು. ಟೆಂಡರ್ ಬದಲಾದಾಗಲೆಲ್ಲ ನಾವು ಅದನ್ನು ಕೈಯಾರೆ ಹೊರಗೆ ಕಳಿಸುತ್ತಿದ್ದೇವೆ.

ನಾನು ಐಟಿಐ ಎಲೆಕ್ಟ್ರಿಷಿಯನ್. ತಿಪಟೂರು ಕಡೆಯವನು. ಮೊದಲು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿದ್ದೆ, ಆಮೇಲೆ ಒಂದು ತಾಲ್ಲೂಕು ಆಸ್ಪತ್ರೆ, ಈಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ಫ್ಯಾಕ್ಟರಿಯಲ್ಲಿ ಕರೆಂಟ್ ಹೋದರೆ ಮಷಿನ್ ನಿಲ್ಲುತ್ತಿದ್ದವು, ಹೊಲಿಯುವ ಹೆಣ್ಣುಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಕರೆಂಟ್ ಹೋದರೆ ನನ್ನ ತಲೆಗೆ ಮೊದಲು ಬರುವ ಪ್ರಶ್ನೆ: ಈಗ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಯಾರಿದ್ದಾರೆ?

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಶುರುವಾಗಿದ್ದು 1900ರಲ್ಲಿ. ಉದ್ಘಾಟಿಸಿದವರು ಲಾರ್ಡ್ ಕರ್ಜನ್. ಶಿವನಸಮುದ್ರದ ಕರೆಂಟ್ ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಅಂದರೆ ಅಷ್ಟು ದೊಡ್ಡ ಆಸ್ಪತ್ರೆ ಕೆಲವು ವರ್ಷ ವಿದ್ಯುತ್ ದೀಪವಿಲ್ಲದೆ ನಡೆದಿದೆ. ಆ ಕಾಲದ ಆಸ್ಪತ್ರೆಗಳನ್ನು ನೋಡಿದರೆ ಹೇಗೆ ನಡೆಸುತ್ತಿದ್ದರು ಅಂತ ಗೊತ್ತಾಗುತ್ತದೆ. ದಪ್ಪ ಗೋಡೆ, ಎತ್ತರದ ಮಾಡು, ಆಳೆತ್ತರದ ಕಿಟಕಿ, ಸುತ್ತ ವರಾಂಡ. ಗಾಳಿ ಬೆಳಕಿನ ಕೆಲಸವನ್ನು ಕಟ್ಟಡವೇ ಮಾಡುತ್ತಿತ್ತು. ಇವತ್ತಿನ ಐಸಿಯುಗೆ ತೆರೆಯುವ ಕಿಟಕಿಯೇ ಇಲ್ಲ. ಗಾಳಿ ಎಎಚ್‌ಯು ಅನ್ನುವ ಗಾಳಿ ಯಂತ್ರದ ಮೂಲಕ ಬರಬೇಕು, ಉಸಿರು ವೆಂಟಿಲೇಟರ್ ಮೂಲಕ ಬರಬೇಕು, ಎರಡಕ್ಕೂ ಕರೆಂಟ್ ಬೇಕು. ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಆಗ ಉಳಿಯದೇ ಇದ್ದವರು ಈಗ ಉಳಿಯುತ್ತಿದ್ದಾರೆ. ಆದರೆ ಕಟ್ಟಡ ಮಾಡುತ್ತಿದ್ದ ಕೆಲಸವನ್ನು ಈಗ ಪ್ಯಾನೆಲ್ ರೂಮಿನಲ್ಲಿ ಕೂತ ಇಬ್ಬರು ಮಾಡುತ್ತಿದ್ದಾರೆ ಅನ್ನುವುದು ನೆನಪಿರಲಿ.

ಏಪ್ರಿಲ್-ಮೇ ತಿಂಗಳ ಮಳೆಗೆ ಎಲ್ಲೋ ಮರ ಬಿದ್ದು ಬೆಸ್ಕಾಂ ಲೈನ್ ಹೋಯ್ತು ಅಂದುಕೊಳ್ಳಿ. ಎಎಂಎಫ್ ಅನ್ನುವ ಕಂಟ್ರೋಲ್ ಪ್ಯಾನೆಲ್ ಅದನ್ನು ಗುರುತಿಸಬೇಕು, ಡಿಜಿಗೆ (ಡೀಸೆಲ್ ಜನರೇಟರ್‌ಗೆ) ಸ್ಟಾರ್ಟ್ ಕೊಡಬೇಕು, ಇಂಜಿನ್ ವೇಗಕ್ಕೆ ಬರಬೇಕು, ಲೋಡ್ ಎತ್ತಿಕೊಳ್ಳಬೇಕು. ಎಲ್ಲ ಸರಿ ಇದ್ದರೆ 10ರಿಂದ 15 ಸೆಕೆಂಡ್. ಅಷ್ಟು ಹೊತ್ತು ಓಟಿ, ಐಸಿಯುಗಳನ್ನು ಹಿಡಿದಿಡುವುದು ಯುಪಿಎಸ್ ಬ್ಯಾಟರಿಗಳು. ಬ್ಯಾಟರಿಗಳೆಲ್ಲ ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಒಂದು ಸತ್ತರೆ ಇಡೀ ಸಾಲು ಕೈಕೊಡುತ್ತದೆ. ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ಬ್ಯಾಟರಿಯ ಹೊಟ್ಟೆ ಸ್ವಲ್ಪ ಉಬ್ಬಿದೆಯಾ, ಟರ್ಮಿನಲ್ ಹತ್ತಿರ ಬಿಸಿ ಇದೆಯಾ, ಬಿಳಿ ಪುಡಿ ಕೂತಿದೆಯಾ ಅಂತ ಕಣ್ಣಲ್ಲಿ ನೋಡಬೇಕು.

ಡಿಜಿ ಟೆಸ್ಟ್ ಬಗ್ಗೆ ನಾನು ಎಲ್ಲರ ಹತ್ತಿರವೂ ಜಗಳ ಆಡಿದ್ದೇನೆ. ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಿಸಿ, ಲಾಗ್ ಬುಕ್ಕಿನಲ್ಲಿ ‘ಓಕೆ’ ಬರೆದರೆ ಅದು ಟೆಸ್ಟ್ ಅಲ್ಲ. ಲೋಡ್ ಹಾಕದೆ ಓಡಿಸಿದ ಇಂಜಿನ್ ಲೋಡ್ ಬಿದ್ದಾಗ ನಿಲ್ಲುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಕೈಕೊಡುವುದು ದೊಡ್ಡ ಇಂಜಿನ್ ಕೂಡ ಅಲ್ಲ, ಅದನ್ನು ಸ್ಟಾರ್ಟ್ ಮಾಡುವ ಚಿಕ್ಕ ಬ್ಯಾಟರಿ. ಲಕ್ಷಾಂತರ ರೂಪಾಯಿಯ ಡಿಜಿ ಪಕ್ಕದಲ್ಲಿ ಕೆಲವು ಸಾವಿರದ ಬ್ಯಾಟರಿ ಬದಲಾಯಿಸೋಕೆ ಅಪ್ರೂವಲ್‌ಗಾಗಿ ಕಾಯುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಓಟಿಯ ಕರೆಂಟ್ ಬೇರೆ ರೀತಿಯದು. ಮನೆಯಲ್ಲಿ ಅರ್ಥ್ ಫಾಲ್ಟ್ ಆದರೆ, ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ, ಟ್ರಿಪ್ ಆಗಬೇಕು, ಅದೇ ಸರಿ. ಹೊಟ್ಟೆ ತೆರೆದಿಟ್ಟ ಟೇಬಲ್ ಹತ್ತಿರ ಟ್ರಿಪ್ ಆದರೆ ಕಥೆ ಮುಗಿಯಿತು. ಅದಕ್ಕೇ ಅಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ. ಮೊದಲ ಫಾಲ್ಟ್ ಬಂದಾಗ ಲೈನ್ ಕಟ್ ಆಗುವುದಿಲ್ಲ, ಬರೀ ಅಲಾರಾಂ ಕೂಗುತ್ತದೆ. ಆಪರೇಷನ್ ಮುಗಿಸಿಕೊಳ್ಳಿ, ಆಮೇಲೆ ಯಾವ ಮಷಿನ್ ಅಂತ ಹುಡುಕಿ ಅನ್ನುವುದು ಅದರ ಲೆಕ್ಕ. ಹೊಸದಾಗಿ ಬಂದ ಹುಡುಗ ಏನು ಮಾಡುತ್ತಾನೆ? ಶಬ್ದ ನಿಲ್ಲಿಸಿ ಬರುತ್ತಾನೆ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಫಾಲ್ಟ್ ಅಲ್ಲೇ ಇರುತ್ತದೆ, ಎರಡನೇ ಫಾಲ್ಟ್ ಬರುವ ದಿನ ಕಾಯುತ್ತಾ.

2021ರ ಜನವರಿ 9ರ ಬೆಳಗಿನ ಜಾವ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿತ್ತು. 10 ಕೂಸುಗಳು ಹೋದವು. 2024ರ ನವೆಂಬರ್‌ನಲ್ಲಿ ಝಾನ್ಸಿಯ ಮೆಡಿಕಲ್ ಕಾಲೇಜಿನಲ್ಲಿ ಮತ್ತೆ ಅಂಥದ್ದೇ ಘಟಕ, ಮತ್ತೆ ಬೆಂಕಿ. ಸುದ್ದಿ ಓದಿದ ದಿನ ನಾನು ಮತ್ತು ನನ್ನ ಜೊತೆಗಾರ ಯಾರೂ ಹೇಳದೇ ನಮ್ಮ ಎನ್‌ಐಸಿಯುಗೆ (ನವಜಾತ ಶಿಶುಗಳ ಐಸಿಯುಗೆ) ಹೋಗಿ ಒಂದೊಂದೇ ಸಾಕೆಟ್ ಮುಟ್ಟಿ ನೋಡಿದೆವು. ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು ಹಗಲು ರಾತ್ರಿ ಓಡುತ್ತವೆ. ಸಡಿಲವಾದ ಪ್ಲಗ್ ಪಿನ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಹಳದಿ ತಿರುಗುತ್ತದೆ. ಅಲ್ಲೇ ಪಕ್ಕದಲ್ಲಿ ಆಕ್ಸಿಜನ್. ಆ ಹಳದಿ ಬಣ್ಣ ಕಂಡ ತಕ್ಷಣ ಸಾಕೆಟ್ ಬದಲಾಯಿಸಬೇಕು, ಕಂಪ್ಲೇಂಟ್ ನಂಬರ್ ಬರಲಿ ಅಂತ ಕಾಯಬಾರದು.

ಆಕ್ಸಿಜನ್ ಬಗ್ಗೆ ಬರೆಯೋಕೆ ಕೂತರೆ ಬೇಗ ಮುಗಿಯುವುದಿಲ್ಲ.

ಕಪ್ಪು ಮೈ, ಬಿಳಿ ಹೆಗಲಿನ ಸಿಲಿಂಡರ್ ಅಂದರೆ ಆಕ್ಸಿಜನ್. ದೊಡ್ಡದಕ್ಕೆ ನಾವೆಲ್ಲ ಜಂಬೋ ಅಂತೀವಿ. ತುಂಬಿದಾಗ ಸುಮಾರು 150 ಬಾರ್ ಒತ್ತಡ, ಒಳಗೆ ಸುಮಾರು 7,000 ಲೀಟರ್ ಗ್ಯಾಸ್. ಸಿಲಿಂಡರ್‌ಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ರೂಮಿನಲ್ಲಿ ಎರಡು ಸಾಲು ಇರುತ್ತವೆ, ಒಂದು ಓಡುತ್ತಿರುವಾಗ ಇನ್ನೊಂದು ಸಿದ್ಧ. ಒತ್ತಡವನ್ನು 4 ಬಾರ್ ಆಸುಪಾಸಿಗೆ ಇಳಿಸಿ ತಾಮ್ರದ ಪೈಪಿನಲ್ಲಿ ವಾರ್ಡಿಗೆ ಕಳಿಸುತ್ತೇವೆ. ಆ ರೂಮಿಗೆ ಎಣ್ಣೆ ಗ್ರೀಸ್ ತಾಗಿದ ಕೈಯಲ್ಲಿ ಹೋಗುವ ಹಾಗೇ ಇಲ್ಲ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಬೆಂಕಿ ಕಡ್ಡಿ ಬೇಕಾಗಿಲ್ಲ. ಡಿಜಿ ಹತ್ತಿರ ಕೆಲಸ ಮಾಡಿ ಬಂದವನು ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು, ಸ್ಪ್ಯಾನರ್ ಬೇರೆ ತೆಗೆದುಕೊಳ್ಳಬೇಕು. ಇದು ಪುಸ್ತಕದಲ್ಲಿದೆ ನಿಜ. ಆದರೆ ಮೊದಲ ದಿನವೇ ಯಾರಾದರೂ ಹಳಬರು ಕೈ ಹಿಡಿದು ನಿಲ್ಲಿಸಿ ಹೇಳಿದರೆ ಮಾತ್ರ ತಲೆಯಲ್ಲಿ ಕೂರುತ್ತದೆ.

ಕೋವಿಡ್ ಎರಡನೇ ಅಲೆಯಲ್ಲಿ ಈ ಅಂಕಿಗಳೇ ನಮ್ಮನ್ನು ಅಲ್ಲಾಡಿಸಿಬಿಟ್ಟವು. ಮಾಸ್ಕ್ ಹಾಕಿ ನಿಮಿಷಕ್ಕೆ 5 ಲೀಟರ್ ಕೊಟ್ಟರೆ ಒಂದು ಜಂಬೋ ಒಬ್ಬರಿಗೆ ಸುಮಾರು ಒಂದು ದಿನ ಬರುತ್ತದೆ. ಹೈ ಫ್ಲೋ ಮಷಿನ್ ನಿಮಿಷಕ್ಕೆ 60 ಲೀಟರ್ ಎಳೆಯಬಲ್ಲದು. ಪೂರ್ತಿ ಆಕ್ಸಿಜನ್ ಕೊಡಬೇಕಾದ ರೋಗಿಗೆ ಅದೇ ಸಿಲಿಂಡರ್ ಎರಡು ಗಂಟೆಯೂ ಬರುವುದಿಲ್ಲ. ಅಂಥವರು ವಾರ್ಡಿನ ತುಂಬ. ಗೇಜಿನ ಮುಳ್ಳು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಇಬ್ಬರು ಸಿಲಿಂಡರ್ ಉರುಳಿಸಿಕೊಂಡು ಬರುವುದು, ಒಬ್ಬ ಕನೆಕ್ಷನ್ ಬಿಗಿ ಮಾಡುವುದು, ಇನ್ನೊಬ್ಬ ವಾರ್ಡಿಗೆ ಫೋನ್ ಮಾಡಿ ‘ಪ್ರೆಷರ್ ಬಂತಾ ಸಿಸ್ಟರ್?’ ಅಂತ ಕೇಳುವುದು. ಪಿಪಿಇ ಕಿಟ್ ಒಳಗೆ ಬೆವರು ಕಾಲಿನವರೆಗೂ ಇಳಿಯುತ್ತಿತ್ತು. ಜಂಬೋ ಉರುಳಿಸೋಕೂ ಒಂದು ವರಸೆ ಇದೆ, ಓರೆಯಾಗಿ ಹಿಡಿದು ತಳದ ಅಂಚಿನ ಮೇಲೆ ತಿರುಗಿಸಿಕೊಂಡು ಹೋಗಬೇಕು. ಅದು ಗೊತ್ತಿಲ್ಲದವರು ಸೊಂಟ ಹಿಡಿದುಕೊಂಡು ಮನೆಗೆ ಹೋದರು.

2021ರ ಏಪ್ರಿಲ್ 21ರಂದು ನಾಸಿಕ್‌ನ ಆಸ್ಪತ್ರೆಯೊಂದರಲ್ಲಿ ಲಿಕ್ವಿಡ್ ಆಕ್ಸಿಜನ್ ಟ್ಯಾಂಕ್ ಸೋರಿ, ಪೈಪಿನಲ್ಲಿ ಒತ್ತಡ ಬಿದ್ದು 20ಕ್ಕೂ ಹೆಚ್ಚು ಜನ ಸತ್ತರು. ಸುತ್ತ ಬಿಳಿ ಹೊಗೆ ಆವರಿಸಿದ ವಿಡಿಯೋ ನಮ್ಮ ಗ್ರೂಪಿಗೂ ಬಂದಿತ್ತು. ಮೇ 2ರ ರಾತ್ರಿ ನಮ್ಮ ಚಾಮರಾಜನಗರ. ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಜನ. ಅದು ಆಕ್ಸಿಜನ್ ಸಕಾಲಕ್ಕೆ ಬರದೆ ಆದ ಅನ್ಯಾಯ, ಅಲ್ಲಿನ ಪೈಪಿನದ್ದಲ್ಲ. ಆದರೂ ಮ್ಯಾನಿಫೋಲ್ಡ್ ರೂಮಿನಲ್ಲಿ ನಿಂತವರಿಗೆ ಆ ರಾತ್ರಿ ಹೇಗಿದ್ದಿರಬಹುದು ಅಂತ ನನಗೆ ಊಹೆ ಮಾಡಬಲ್ಲೆ ಅನ್ನಿಸುತ್ತದೆ. ಖಾಲಿ ಸಿಲಿಂಡರ್ ಬಿಚ್ಚುತ್ತೀಯ, ಹಾಕೋಕೆ ತುಂಬಿದ್ದು ಇಲ್ಲ. ಮೇಲಿನ ಮಹಡಿಯಿಂದ ಫೋನ್ ನಿಲ್ಲುವುದಿಲ್ಲ. ಆ ಜನರನ್ನು ಯಾರಾದರೂ ಆಮೇಲೆ ಮಾತಾಡಿಸಿದರಾ?

ಅದಾದ ಮೇಲೆ ಲಿಕ್ವಿಡ್ ಟ್ಯಾಂಕ್‌ಗಳು ಬಂದವು. ಆಕ್ಸಿಜನ್ ಮೈನಸ್ 183 ಡಿಗ್ರಿಯಲ್ಲಿ ದ್ರವವಾಗಿರುತ್ತದೆ, ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಗ್ಯಾಸ್ ಆಗುತ್ತದೆ. 6,000 ಲೀಟರಿನ ಒಂದು ಟ್ಯಾಂಕ್ ಅಂದರೆ 700ಕ್ಕೂ ಜಾಸ್ತಿ ಜಂಬೋ ಉರುಳಿಸುವುದು ತಪ್ಪಿದ ಹಾಗೆ. ದೇಶದ ಉದ್ದಗಲಕ್ಕೂ ಪಿಎಸ್‌ಎ ಪ್ಲಾಂಟ್‌ಗಳೂ ಬಂದವು, ಸಾವಿರಕ್ಕೂ ಹೆಚ್ಚು. ಗಾಳಿಯನ್ನು ಒತ್ತಿ ಜಿಯೋಲೈಟ್ ಕಾಳುಗಳ ಮೂಲಕ ಹಾಯಿಸಿದರೆ ಅದು ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ, 93 ಪರ್ಸೆಂಟ್ ಆಸುಪಾಸಿನ ಆಕ್ಸಿಜನ್ ಹೊರಗೆ ಬರುತ್ತದೆ. ಒಳ್ಳೆ ಯಂತ್ರ. ಆದರೆ ಅದನ್ನು ಓಡಿಸುತ್ತಿರಬೇಕು. ನಿಲ್ಲಿಸಿಟ್ಟರೆ ತೇವ ಸೇರಿ ಜಿಯೋಲೈಟ್ ಕೆಡುತ್ತದೆ. ಕಂಪ್ರೆಸರ್ ಫಿಲ್ಟರ್ ಬದಲಾಯಿಸಬೇಕು, ಡ್ರೈಯರ್ ನೋಡಬೇಕು. ರಿಬ್ಬನ್ ಕಟ್ ಮಾಡುವ ದಿನ ಎಲ್ಲರೂ ಇರುತ್ತಾರೆ. ಫಿಲ್ಟರ್‌ಗೆ ದುಡ್ಡು ಕೇಳುವ ದಿನ ನಾವು ಮಾತ್ರ ಇರುತ್ತೇವೆ. ಎಷ್ಟೋ ಊರುಗಳಲ್ಲಿ ಅವು ಬೀಗ ಹಾಕಿಕೊಂಡು ನಿಂತಿವೆ ಅಂತ ಪೇಪರಿನಲ್ಲಿ ಓದಿದಾಗ ಹೊಟ್ಟೆ ಉರಿಯಿತು.

ಪೈಪ್ ಲೈನ್ ಕೆಲಸದಲ್ಲಿ ಇನ್ನೊಂದು ಭಯ ಇದೆ. 2016ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ಎಳೆದ ಲೈನ್ ಅದಲುಬದಲಾಗಿ, ಆಕ್ಸಿಜನ್ ಅಂತ ಬರೆದ ಔಟ್‌ಲೆಟ್‌ನಲ್ಲಿ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಬರುತ್ತಿತ್ತು. ಆಗ ತಾನೇ ಹುಟ್ಟಿದ ಒಂದು ಮಗು ತೀರಿಕೊಂಡಿತು, ಇನ್ನೊಂದಕ್ಕೆ ಮೆದುಳಿಗೆ ಪೆಟ್ಟಾಯ್ತು. ಅಷ್ಟು ನಿಯಮಗಳಿರುವ ದೇಶದಲ್ಲೇ ಹೀಗಾಯ್ತು. ಅದಕ್ಕೇ ಪೈಪಿಗೆ ಕೈ ಹಾಕಿದ ಮೇಲೆ ಪ್ರತಿಯೊಂದು ಔಟ್‌ಲೆಟ್‌ಗೂ ಅನಲೈಸರ್ ಇಟ್ಟು ನೋಡಬೇಕು, ಬರೆದಿಡಬೇಕು, ಡಾಕ್ಟರ್ ಸಹಿ ಹಾಕಬೇಕು, ಆಮೇಲೇ ರೋಗಿಗೆ ಕೊಡಬೇಕು. ‘ಅರ್ಜೆಂಟ್ ಇದೆ, ಆಮೇಲೆ ನೋಡೋಣ’ ಅಂದವರಿಗೆ ನಾನು ಕೀ ಕೊಡುವುದಿಲ್ಲ. ಇದರಲ್ಲಿ ನನಗೆ ಹಟ ಇದೆ, ಇರಲಿ ಬಿಡಿ.

ಎಲೆಕ್ಟ್ರಿಷಿಯನ್ ಆದ ನನಗೆ ಈ ಕೆಲಸದಲ್ಲಿ ಜಾಸ್ತಿ ಇಷ್ಟವಾದ ಜಾಗ ಅಂದರೆ ಡಯಾಲಿಸಿಸ್ ಘಟಕಕ್ಕೆ ನೀರು ಶುದ್ಧ ಮಾಡುವ ಆರ್‌ಓ ರೂಮು. ಯಾಕೆ ಅಂದರೆ ಅಲ್ಲಿನ ಲೆಕ್ಕ ತುಂಬಾ ನೇರ. ಡಯಾಲಿಸಿಸ್ ಮಷಿನ್ ನಿಮಿಷಕ್ಕೆ ಅರ್ಧ ಲೀಟರ್ ದ್ರವ ಹರಿಸುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ನಾವು ಕುಡಿಯುವ ನೀರಿನಲ್ಲಿ ಏನಾದರೂ ಇದ್ದರೆ ಹೊಟ್ಟೆ, ಕರುಳು, ಕಿಡ್ನಿ ಎಲ್ಲ ತಡೆಯುತ್ತವೆ. ಡಯಾಲಿಸಿಸ್ ರೋಗಿಯ ರಕ್ತಕ್ಕೂ ಈ 120 ಲೀಟರ್ ನೀರಿಗೂ ನಡುವೆ ಇರುವುದು ಒಂದು ತೆಳು ಪೊರೆ ಅಷ್ಟೇ. ವಾರಕ್ಕೆ ಎರಡು ಮೂರು ಸಲ.

ಬೆಳಗ್ಗೆ ಮೊದಲ ಶಿಫ್ಟಿನ ರೋಗಿಗಳು ಬರುವ ಮುಂಚೆ ಅಲ್ಲಿ ಹೋಗಿ ನಿಲ್ಲಬೇಕು. ಸ್ಯಾಂಡ್ ಫಿಲ್ಟರ್, ಸಾಫ್ಟನರ್, ಕಾರ್ಬನ್ ಫಿಲ್ಟರ್, ಆಮೇಲೆ ಆರ್‌ಓ ಮೆಂಬ್ರೇನ್. ಸಾಫ್ಟನರ್ ಆದ ಮೇಲಿನ ನಲ್ಲಿಯಿಂದ ಚಿಕ್ಕ ಬಾಟಲಿಗೆ ನೀರು ಹಿಡಿದು, ಬಫರ್ ಹಾಕಿ, ಇಂಡಿಕೇಟರ್ ಹಾಕಿ ಅಲ್ಲಾಡಿಸುತ್ತೇವೆ. ನೀಲಿ ಬಂದರೆ ಮೆದು ನೀರು, ನೆಮ್ಮದಿ. ಗುಲಾಬಿ ಬಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ದಾಟಿ ಬರುತ್ತಿವೆ ಅಂತ ಅರ್ಥ. ಅದು ಮೆಂಬ್ರೇನ್ ಕೆಡಿಸುತ್ತದೆ. ಮೆಂಬ್ರೇನನ್ನೂ ದಾಟಿದರೆ ರೋಗಿಗೆ ವಾಂತಿ, ತಲೆನೋವು, ಬಿಪಿ ಏರುತ್ತದೆ. ಕಾರ್ಬನ್ ಆದ ಮೇಲೆ ಕ್ಲೋರಿನ್ ಟೆಸ್ಟ್. ಕ್ಲೋರಿನ್ ಉಳಿದು ರಕ್ತಕ್ಕೆ ಸೇರಿದರೆ ಕೆಂಪು ಕಣಗಳು ಒಡೆಯುತ್ತವೆ. ಕುಡಿಯುವ ನೀರನ್ನು ಕಾಪಾಡುವ ಅದೇ ಕ್ಲೋರಿನ್ ಇಲ್ಲಿ ವಿಷ.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರಬೇಕು. ಬೋರ್‌ವೆಲ್‌ಗಳು ಬತ್ತಿದವು, ಎಲ್ಲರೂ ಟ್ಯಾಂಕರ್ ಹಿಂದೆ ಬಿದ್ದರು. ನಮ್ಮಲ್ಲೂ ಟ್ಯಾಂಕರ್ ಬಂತು. ಒಂದು ಟ್ಯಾಂಕರಿನ ನೀರು ಇದ್ದ ಹಾಗೆ ಇನ್ನೊಂದರದು ಇರುತ್ತಿರಲಿಲ್ಲ. ಒಂದು ಎಲ್ಲಿಯ ಬೋರಿನದೋ, ಬಕೆಟ್ ಅಂಚಿಗೆ ಬಿಳಿ ಪಟ್ಟೆ ಕಟ್ಟುವಷ್ಟು ಗಡಸು. ಎರಡು ದಿನಕ್ಕೊಮ್ಮೆ ಉಪ್ಪು ಹಾಕಿ ರೀಜನರೇಟ್ ಮಾಡುತ್ತಿದ್ದ ಸಾಫ್ಟನರ್‌ಗೆ ದಿನಕ್ಕೆರಡು ಸಲ ಮಾಡಬೇಕಾಯ್ತು. ಉಪ್ಪಿನ ಮೂಟೆ ಹೆಗಲ ಮೇಲೆ ಹೊತ್ತು ತಂದು ಸುರಿಯುವುದೇ ಕೆಲಸ. ಶೆಡ್ಯೂಲ್ ಪ್ರಕಾರ ದಿನಕ್ಕೊಮ್ಮೆ, ಬೆಳಗ್ಗೆ, ಹಾರ್ಡ್‌ನೆಸ್ (ನೀರಿನ ಗಡಸು) ನೋಡಿದರೆ ಸಾಕಿತ್ತು. ಪ್ರತಿ ಟ್ಯಾಂಕರಿಗೂ ನೋಡಬೇಕು ಅಂತ ತೀರ್ಮಾನ ಮಾಡಿದವನು ನಮ್ಮ ಆರ್‌ಓ ಆಪರೇಟರ್. ಹತ್ತನೇ ಕ್ಲಾಸ್ ಓದಿದ ಹುಡುಗ. ಯಾವ ಮೀಟಿಂಗಿನಲ್ಲೂ ಅವನ ಹೆಸರು ಬರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಡಯಾಲಿಸಿಸ್ ರೋಗಿಗಳಲ್ಲಿ ಒಬ್ಬರಿಗೂ ನೀರಿನಿಂದ ತೊಂದರೆಯಾಗಲಿಲ್ಲ. ಇದನ್ನು ಎಲ್ಲಾದರೂ ಬರೆದಿಡಬೇಕು ಅನ್ನಿಸಿತ್ತು, ಇಲ್ಲಿ ಬರೆದಿದ್ದೇನೆ.

ಓಟಿಯ ಗಾಳಿಯ ಬಗ್ಗೆ ಸ್ವಲ್ಪ. ಅಲ್ಲಿ ಗಂಟೆಗೆ ಕಡಿಮೆ ಅಂದರೂ 20 ಸಲ ಗಾಳಿ ಬದಲಾಗಬೇಕು, ಹೆಪಾ ಫಿಲ್ಟರ್ ದಾಟಿ ಬರಬೇಕು, ಹೊರಗಿಗಿಂತ ಒಳಗೆ ಒತ್ತಡ ತುಸು ಜಾಸ್ತಿ ಇರಬೇಕು. ಬಾಗಿಲು ತೆರೆದರೆ ಗಾಳಿ ಹೊರಗೆ ಹೋಗಬೇಕೇ ಹೊರತು ಕಾರಿಡಾರಿನ ಧೂಳು ಒಳಗೆ ಬರಬಾರದು. ಟಿಬಿ ರೋಗಿಯ ಐಸೊಲೇಷನ್ ರೂಮಿನಲ್ಲಿ ಇದು ತಿರುಗಾಮುರುಗಾ. ಒಂದು ತೆಳು ಟಿಶ್ಯೂ ಪೇಪರ್ ಬಾಗಿಲ ಸಂದಿಗೆ ಹಿಡಿದರೆ ಯಾವ ಕಡೆ ವಾಲುತ್ತದೆ ಅಂತ ನೋಡಿಯೇ ಗೊತ್ತಾಗುತ್ತದೆ. ಕರೆಕ್ಟ್ ಅಳತೆಗೆ ಗೇಜ್ ಇದ್ದೇ ಇದೆ, ಆದರೆ ಗೇಜ್ ಕೆಟ್ಟಿದೆಯಾ ಅಂತ ಹೇಳುವುದು ಈ ಪೇಪರೇ.

ಡ್ರೈನೇಜ್ ವಿಷಯ ಉದ್ದ ಮಾಡುವುದಿಲ್ಲ. ಹತ್ತಿ, ಪ್ಯಾಡು, ಗ್ಲೌಸು ಎಲ್ಲ ಕಮೋಡಿಗೆ ಹೋಗುತ್ತವೆ. ಕೆಲವೊಮ್ಮೆ ಸೂಜಿಯೂ. ಪೈಪ್ ಬಿಚ್ಚುವ ಕೈಗೆ ಅದು ಚುಚ್ಚಿದರೆ ಮುಂದೇನು ಅಂತ ನೀವೇ ಯೋಚಿಸಿ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲಿ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಅಂತ ಸ್ಪಷ್ಟವಾಗಿದೆ. ಹೆಪಟೈಟಿಸ್ ಲಸಿಕೆಗೆ ಮೂರು ಡೋಸ್, ಕೊನೆಯದು ಆರು ತಿಂಗಳಿಗೆ. ಆರು ತಿಂಗಳಾಗುವಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿರುತ್ತಾನೆ ಅಥವಾ ಬಿಡಿಸಿರುತ್ತಾರೆ. ಹೊಸಬನಿಗೆ ಮತ್ತೆ ಮೊದಲ ಡೋಸ್‌ನಿಂದ. ಅವನಿಗೂ ಪೂರ್ತಿಯಾಗುವುದಿಲ್ಲ.

ರೋಗಿ ಇರುವ ಜಾಗದಲ್ಲಿ ಕೆಲಸ ಮಾಡುವುದನ್ನು ಯಾವ ಐಟಿಐನಲ್ಲೂ ಕಲಿಸುವುದಿಲ್ಲ. ಒಂದು ಸಲ ಐಸಿಯುನಲ್ಲಿ ರೋಗಿಯ ಕಫ ಹೀರಿ ತೆಗೆಯುವ ಸಕ್ಷನ್ ಔಟ್‌ಲೆಟ್ ಕಟ್ಟಿಕೊಂಡಿತ್ತು. ಬಾಟಲಿ ತುಂಬಿದ್ದು ಗಮನಿಸದೆ ಬಿಟ್ಟರೆ ದ್ರವ ಪೈಪಿನೊಳಗೇ ಹೋಗಿಬಿಡುತ್ತದೆ. ಹಾಸಿಗೆಯಲ್ಲಿ ಒಬ್ಬರು ಅಜ್ಜಿ, ಮೂಗಿಗೆ ಆಕ್ಸಿಜನ್ ನಳಿಗೆ. ನಾನು ತಲೆ ಹತ್ತಿರದ ಪ್ಯಾನೆಲ್ ಮುಚ್ಚಳ ಬಿಚ್ಚುತ್ತಿದ್ದ ಹಾಗೇ ಕಣ್ಣು ಬಿಟ್ಟು ನೋಡಿದರು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದವನೊಬ್ಬ ತಲೆ ಮೇಲೆ ನಿಂತರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ‘ಏನಪ್ಪಾ, ನನ್ನ ಗಾಳಿ ನಿಲ್ಲಿಸ್ತೀಯಾ?’ ಅಂದರು. ‘ಇಲ್ಲಮ್ಮಾ, ಇದು ಬೇರೆ ಪೈಪು. ಆ ನೀರಿನ ಬಾಟಲಿ ಗುಳುಗುಳು ಅಂತಿದೆಯಲ್ಲ, ನಿಮ್ಮ ಗಾಳಿ ಅದು. ಅದನ್ನ ನಾನು ಮುಟ್ಟಲ್ಲ’ ಅಂದೆ. ಕೆಲಸ ಮುಗಿಯುವವರೆಗೂ ಅವರು ನನ್ನನ್ನು ನೋಡಲಿಲ್ಲ, ಆ ಬಾಟಲಿಯನ್ನೇ ನೋಡುತ್ತಿದ್ದರು. ನಾನೂ ಆಗಾಗ ನೋಡುತ್ತಿದ್ದೆ.

ಆಮೇಲಿಂದ ನಾನು ಹೊಸಬರಿಗೆ ಇದನ್ನೇ ಮೊದಲು ಹೇಳಿಕೊಡುವುದು. ಒಳಗೆ ಹೋದ ತಕ್ಷಣ ಸಿಸ್ಟರ್‌ಗೆ ಹೇಳು. ಆಮೇಲೆ ರೋಗಿಗೆ ಹೇಳು, ಪ್ರಜ್ಞೆ ಇಲ್ಲ ಅಂತ ಕಂಡರೂ ಹೇಳು. ಡ್ರಿಲ್ ಹಾಕುವ ಮುಂಚೆ ಪಕ್ಕದ ಹಾಸಿಗೆ ನೋಡು, ಅಲ್ಲಿ ಯಾರಾದರೂ ಈಗಷ್ಟೇ ನಿದ್ದೆ ಹೋಗಿರಬಹುದು. ಸೀಲಿಂಗ್ ಟೈಲ್ ಎತ್ತುವ ಮುಂಚೆ ಕೆಳಗೆ ಪ್ಲಾಸ್ಟಿಕ್ ಹಾಸು. ಅದರ ಮೇಲಿನ ಧೂಳಿನಲ್ಲಿ ಫಂಗಸ್ ಇರುತ್ತದೆ. ಕ್ಯಾನ್ಸರ್ ಔಷಧಿ ತೆಗೆದುಕೊಂಡು ಶಕ್ತಿ ಕಳೆದುಕೊಂಡವರಿಗೆ ಅದು ಸಾಕು, ಶ್ವಾಸಕೋಶ ಹಿಡಿಯೋಕೆ. ಮತ್ತೆ, ಹೌಸ್‌ಕೀಪಿಂಗ್ ಅಕ್ಕಂದಿರನ್ನು ಮಾತಾಡಿಸು. ‘ಆ ಮೂಲೇಲಿ ಒಂಥರಾ ಸುಟ್ಟ ವಾಸನೆ ಬಂತಪ್ಪಾ’ ಅಂತ ಮೊದಲು ಹೇಳುವವರು ಅವರೇ. ನಮ್ಮ ಹಾಗೆ ಅವರನ್ನೂ ಯಾರೂ ಕೇಳುವುದಿಲ್ಲ.

ಈಗ ಗುತ್ತಿಗೆಯ ವಿಷಯಕ್ಕೆ ಬರುತ್ತೇನೆ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಿಗುವ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ನಮ್ಮ ಹುಡುಗರಲ್ಲಿ ಬಹುತೇಕರು ಅದರ ಒಳಗೇ ಇದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಊರಿಗೆ ಕಳಿಸಿ, ಏನು ಉಳಿಯುತ್ತದೆ? ಮಾಲ್‌ನಲ್ಲಿ, ಐಟಿ ಪಾರ್ಕಿನಲ್ಲಿ ಎರಡು ಮೂರು ಸಾವಿರ ಜಾಸ್ತಿ ಸಿಕ್ಕರೆ ಹೋಗುತ್ತಾರೆ. ಹೋಗಲೇಬೇಕು, ನಾನು ತಡೆಯುವುದಿಲ್ಲ. ಟೆಂಡರ್‌ನಲ್ಲಿ ಯಾರು ಕಡಿಮೆ ಕೋಟ್ ಮಾಡುತ್ತಾರೋ ಅವರಿಗೆ ಕೆಲಸ. ಎಷ್ಟು ಜನ ಬೇಕು ಅಂತ ಬರೆಯುತ್ತಾರೆ, ಅವರು ಎಷ್ಟು ದಿನ ಇರಬೇಕು ಅಂತ ಬರೆಯುವುದಿಲ್ಲ. ಕಾಗದದಲ್ಲಿ ‘ಎಲೆಕ್ಟ್ರಿಷಿಯನ್ 4’ ಅಂತ ಇದ್ದರೆ ಹಳೆಯ ನಾಲ್ವರು ಹೋಗಿ ಹೊಸ ನಾಲ್ವರು ಬಂದರೂ ಲೆಕ್ಕ ಸರಿ ಹೋಗುತ್ತದೆ. ಕಟ್ಟಡದ ಮಟ್ಟಿಗೆ ಆ ಲೆಕ್ಕ ಸುಳ್ಳು.

ಡಾಕ್ಟರ್ ಬದಲಾದರೆ ಕೇಸ್ ಶೀಟ್ ಇರುತ್ತದೆ. ಸಿಸ್ಟರ್ ಶಿಫ್ಟ್ ಬದಲಾದರೆ ಹಾಸಿಗೆ ಹಾಸಿಗೆಗೂ ಹೋಗಿ ಹ್ಯಾಂಡೋವರ್ ಕೊಡುತ್ತಾರೆ. ಎಷ್ಟೇ ಸುಸ್ತಾಗಿದ್ದರೂ ಅದನ್ನು ತಪ್ಪಿಸುವುದಿಲ್ಲ, ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಕಟ್ಟಡಕ್ಕೆ ಅಂಥದ್ದು ಒಂದೂ ಇಲ್ಲ. ಹಳೆ ಏಜೆನ್ಸಿಯ ಕೊನೆಯ ದಿನ ರಾತ್ರಿ 8ಕ್ಕೆ ಹಳಬರು ಹೊರಗೆ, ಹೊಸಬರು ಒಳಗೆ. ಒಂದು ಬೀಗದ ಕೈ ಗೊಂಚಲು ಮೇಜಿನ ಮೇಲೆ. ಯಾವ ಕೀ ಯಾವ ಪ್ಯಾನೆಲ್‌ಗೆ ಅಂತ ಕೇಳೋಕೆ ಯಾರೂ ಇರುವುದಿಲ್ಲ. ಅಂಥ ಒಂದು ರಾತ್ರಿ ನಾನು ಮಾತ್ರ ಹಳಬನಾಗಿ ಉಳಿದಿದ್ದೆ. ನನ್ನನ್ನು ಹೊಸ ಏಜೆನ್ಸಿ ಇಟ್ಟುಕೊಂಡಿತ್ತು. ಬೆಳಗಾಗುವವರೆಗೆ ಫೋನ್ ಕೆಳಗಿಡೋಕೆ ಆಗಲಿಲ್ಲ.

ಆಮೇಲೆ ನಾನೊಂದು ಕೆಲಸ ಶುರು ಮಾಡಿದೆ. ದೊಡ್ಡ ಉದ್ದನೆಯ ರಿಜಿಸ್ಟರ್ ಪುಸ್ತಕ ತಂದು, ನನಗೆ ಗೊತ್ತಿದ್ದದ್ದನ್ನೆಲ್ಲ ಮಹಡಿ ಮಹಡಿಯಾಗಿ ಕನ್ನಡದಲ್ಲೇ ಬರೆದೆ. ಯಾವ ಎಂಸಿಬಿ ಬೋರ್ಡಿಗೆ ಹೆಸರು ತಪ್ಪು ಬರೆದಿದ್ದಾರೆ. ಯಾವ ಲಿಫ್ಟ್ ಮಳೆ ಬಂದರೆ ಕೈಕೊಡುತ್ತದೆ, ಪಿಟ್‌ಗೆ ನೀರು ಎಲ್ಲಿಂದ ಬರುತ್ತದೆ. ಯಾವ ಅರ್ಥ್ ಪಿಟ್‌ಗೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಎಕ್ಸ್‌ರೇ ಮಷಿನ್ ತಕರಾರು ಮಾಡುತ್ತದೆ. ಹಳೆಯ ಪ್ಲಂಬರ್‌ಗೆ ಫೋನ್ ಮಾಡಿ ಅವರಿಗೆ ಗೊತ್ತಿದ್ದದ್ದನ್ನೂ ಕೇಳಿ ಬರೆದುಕೊಂಡೆ. ಒಂದು ರೂಪಾಯಿ ಸಿಗದ ಕೆಲಸಕ್ಕೆ ಅವರು ಭಾನುವಾರ ಅರ್ಧ ದಿನ ಕೂತು ನೆನಪು ಮಾಡಿಕೊಂಡು ಹೇಳಿದರು. ನಡುನಡುವೆ, ‘ಆ ಡಯಾಲಿಸಿಸ್ ಮೇಷ್ಟ್ರು ಇನ್ನೂ ಬರ್ತಾರಾ?’ ಅಂತ ಒಬ್ಬ ರೋಗಿಯನ್ನು ವಿಚಾರಿಸಿದರು.

ಪುಸ್ತಕ ಇದ್ದರೂ ಸಾಲದು. ಬ್ಯಾಟರಿಯ ಬಿಸಿಯನ್ನು, ಕಂಪ್ರೆಸರ್ ಸದ್ದಿನಲ್ಲಿ ಬರುವ ಚೂರು ವ್ಯತ್ಯಾಸವನ್ನು ಬರೆದು ತಿಳಿಸೋಕೆ ಆಗುವುದಿಲ್ಲ. ಅದಕ್ಕೆ ಹಳಬ, ಹೊಸಬ ಇಬ್ಬರೂ ಕೆಲವು ದಿನ ಒಟ್ಟಿಗೆ ಓಡಾಡಬೇಕು. ಹಾಗಾಗಿ ಆಡಳಿತದವರಿಗೆ ಒಂದು ಪತ್ರ ಕೊಟ್ಟಿದ್ದೇನೆ. ಟೆಂಡರ್ ಬದಲಾದಾಗ ಹಳೆಯ ಸಿಬ್ಬಂದಿಯನ್ನು ಸಂಬಳ ಕೊಟ್ಟು ಕನಿಷ್ಠ ಒಂದು ತಿಂಗಳು ಜೊತೆಗೆ ಇಟ್ಟುಕೊಳ್ಳಬೇಕು, ಇದನ್ನು ಟೆಂಡರಿನ ಷರತ್ತಾಗಿಯೇ ಬರೆಯಬೇಕು. ಇರಲು ಒಪ್ಪುವ ಹಳಬರನ್ನು ಹೊಸ ಏಜೆನ್ಸಿ ಮೊದಲು ತೆಗೆದುಕೊಳ್ಳಬೇಕು. ಲಸಿಕೆಯ ಮೂರು ಡೋಸ್ ಆಸ್ಪತ್ರೆಯ ಖರ್ಚಿನಲ್ಲಿ ಆಗಬೇಕು, ಏಜೆನ್ಸಿ ಯಾವುದೇ ಇರಲಿ. ಇನ್ಫೆಕ್ಷನ್ ಕಂಟ್ರೋಲ್ ಮೀಟಿಂಗಿಗೆ ನಮ್ಮಲ್ಲಿ ಒಬ್ಬರನ್ನು ಕರೆಯಬೇಕು.

ಲಸಿಕೆಗೆ ಒಪ್ಪಿಗೆ ಸಿಕ್ಕಿದೆ, ಮೊದಲ ಡೋಸ್ ಆಯ್ತು. ಮೀಟಿಂಗಿಗೆ ಆರ್‌ಓ ಹುಡುಗನನ್ನು ಒಂದು ಸಲ ಕರೆದಿದ್ದರು. ಟೆಂಡರ್ ಷರತ್ತಿನ ಬಗ್ಗೆ ‘ನೋಡೋಣ’ ಅಂದಿದ್ದಾರೆ. ಈಗಿನ ಏಜೆನ್ಸಿಯ ಅವಧಿ ಮುಗಿಯೋಕೆ ಇನ್ನೂ ಸಮಯ ಇದೆ. ಅಷ್ಟರಲ್ಲಿ ಪ್ರತಿ ತಿಂಗಳೂ ಹೋಗಿ ಕೇಳುತ್ತೇನೆ.